ಮಹಾಮೃತ್ಯುಂಜಯ ಮಂತ್ರ

ಮಹಾಮೃತ್ಯುಂಜಯ ಮಂತ್ರವು ಋಗ್ವೇದದ ಏಳನೆಯ ಮಂಡಲದಲ್ಲಿ ಬರುವ ಒಂದು ಋಕ್ಕು. ತ್ರ್ಯಂಬಕನೆಂಬ ಹೆಸರಿನಿಂದ ರುದ್ರನನ್ನು ಯಜಿಸಿ, ಸಾವಿನ ಹಿಡಿತದಿಂದ ಬಿಡುಗಡೆಯನ್ನು ಬೇಡುತ್ತದೆ. ರೋಗಶಮನ, ದೀರ್ಘಾಯುಷ್ಯ ಮತ್ತು ಅಪಮೃತ್ಯು ಪರಿಹಾರಕ್ಕಾಗಿ ಜಪ, ಹೋಮ, ಅಭಿಷೇಕಗಳಲ್ಲಿ ಭಾರತದಾದ್ಯಂತ ಬಳಕೆಯಲ್ಲಿದೆ. ಈ ಲೇಖನವು ಮಂತ್ರದ ಮೂಲ, ಪಾಠ, ಅರ್ಥ, ಪ್ರಯೋಗಗಳನ್ನು ಹೇಳಿ, ಮಂಗಳೂರು ನಗರದ ಬಿಕರ್ನಕಟ್ಟೆ ಮತ್ತು ಸುತ್ತಲಿನ ಕರಾವಳಿಯಲ್ಲಿ ಅದು ನಡೆದುಕೊಂಡು ಬಂದಿರುವ ರೀತಿಯನ್ನು ವಿವರಿಸುತ್ತದೆ.

ಪರಿಭಾಷೆ

ಆಡುಮಾತಿನಲ್ಲಿ ‘ಮೃತ್ಯುಂಜಯ’ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಮಂತ್ರಗಳು ಸೇರಿಹೋಗಿವೆ. ಇವುಗಳನ್ನು ಬಿಡಿಸಿಕೊಳ್ಳದಿದ್ದರೆ ಜಪಸಂಖ್ಯೆ, ಋಷಿ, ಅಧಿಕಾರಗಳ ಬಗ್ಗೆ ಪುಸ್ತಕಗಳು ಒಂದಕ್ಕೊಂದು ವಿರುದ್ಧವಾಗಿ ಮಾತಾಡುತ್ತಿರುವಂತೆ ಕಾಣುತ್ತದೆ.

ವೇದದಲ್ಲಿರುವ ಋಕ್ಕಿನ ಹೆಸರು ತ್ರ್ಯಂಬಕ ಮಂತ್ರ. ‘ಓಂ ಜೂಂ ಸಃ’ ಎಂಬ ಮೂರು ಬೀಜಾಕ್ಷರಗಳದ್ದು ತ್ರ್ಯಕ್ಷರೀ ಮೃತ್ಯುಂಜಯ. ಇದು ತಂತ್ರಗ್ರಂಥಗಳದ್ದು, ವೇದದಲ್ಲಿಲ್ಲ. ತ್ರ್ಯಂಬಕ ಋಕ್ಕಿನ ಹಿಂದೆ ಮುಂದೆ ಬೀಜಾಕ್ಷರಗಳನ್ನೂ ವ್ಯಾಹೃತಿಗಳನ್ನೂ (ಭೂಃ, ಭುವಃ, ಸ್ವಃ) ಹೊಂದಿಸಿ ಜಪಿಸುವ ಸಂಪುಟಿತ ರೂಪಕ್ಕೆ ಪ್ರಯೋಗಗ್ರಂಥಗಳು ಮಹಾಮೃತ್ಯುಂಜಯ ಎನ್ನುತ್ತವೆ. ಇದೇ ಋಕ್ಕಿನ ಪಾದಗಳೊಂದಿಗೆ ಗಾಯತ್ರೀ ಮಂತ್ರದ ಪಾದಗಳನ್ನು ಹೆಣೆದರೆ ಮೃತಸಂಜೀವಿನೀ ಮಂತ್ರ. ಇಂದಿನ ಬಳಕೆಯಲ್ಲಿ ಬರಿಯ ಋಕ್ಕನ್ನೂ ಮಹಾಮೃತ್ಯುಂಜಯವೆಂದೇ ಕರೆಯುವುದು ರೂಢಿಯಾಗಿದೆ. ಇಲ್ಲಿ ವೈದಿಕ ರೂಪವನ್ನು ‘ತ್ರ್ಯಂಬಕ ಋಕ್ಕು’ ಎಂದೂ, ಕರ್ಮಾಂಗವಾಗಿ ಬಳಸುವ ಎಲ್ಲ ರೂಪಗಳಿಗೆ ಒಟ್ಟಾಗಿ ‘ಮೃತ್ಯುಂಜಯ ಮಂತ್ರ’ ಎಂದೂ ಬಳಸಲಾಗಿದೆ.

‘ಅಪಮೃತ್ಯು’ ಎಂದರೆ ಆಯುಷ್ಯ ಮುಗಿಯುವ ಮೊದಲೇ ರೋಗ, ಅಪಘಾತ, ವಿಷ ಮುಂತಾದವುಗಳಿಂದ ಬರುವ ಸಾವು. ಮೃತ್ಯುಂಜಯ ಕರ್ಮಗಳ ಸಂಕಲ್ಪದಲ್ಲಿ ಹೇಳುವುದು ಅಪಮೃತ್ಯು ಪರಿಹಾರವನ್ನು. ಸಾವೇ ಇಲ್ಲದಿರುವುದನ್ನು ಅಲ್ಲ.

ಮೂಲ

ತ್ರ್ಯಂಬಕ ಋಕ್ಕು ಋಗ್ವೇದದ 7ನೆಯ ಮಂಡಲ, 59ನೆಯ ಸೂಕ್ತದ 12ನೆಯ, ಅಂದರೆ ಕೊನೆಯ ಮಂತ್ರ. ಋಷಿ ಮೈತ್ರಾವರುಣಿ ವಸಿಷ್ಠ. ಸೂಕ್ತದ ಮೊದಲ ಹನ್ನೊಂದು ಋಕ್ಕುಗಳು ಮರುತ್ತುಗಳನ್ನು ಕುರಿತವು. ಕೊನೆಯದೊಂದು ಮಾತ್ರ ಮರುತ್ತುಗಳ ತಂದೆಯಾದ ರುದ್ರನನ್ನು ಕುರಿತದ್ದು. ಶಾಕಲ್ಯನು ಋಗ್ವೇದಕ್ಕೆ ಮಾಡಿದ ಪದಪಾಠದಲ್ಲಿ ಆರು ಋಕ್ಕುಗಳಿಗೆ ಪದವಿಭಾಗವಿಲ್ಲ. ಅವುಗಳಲ್ಲಿ ಇದೂ ಒಂದು. ಹೀಗಾಗಿ ಋಗ್ವೇದ ಸಂಹಿತೆಯ ಈ ಸ್ಥಾನಕ್ಕೆ ಋಕ್ಕು ತಡವಾಗಿ ಬಂದು ಸೇರಿತೆಂದು ವಿದ್ವಾಂಸರು ಭಾವಿಸುತ್ತಾರೆ.

ಋಕ್ಕಿನ ಮೊದಲ ಕರ್ಮಸಂದರ್ಭ ಯಜುರ್ವೇದದಲ್ಲಿ ಸ್ಪಷ್ಟವಾಗುತ್ತದೆ. ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆ (1.8.6) ಮತ್ತು ಶುಕ್ಲಯಜುರ್ವೇದದ ವಾಜಸನೇಯಿ ಸಂಹಿತೆ (3.60) ಇದನ್ನು ತ್ರ್ಯಂಬಕ ಹೋಮದಲ್ಲಿ ವಿನಿಯೋಗಿಸುತ್ತವೆ. ಈ ಹೋಮವು ಚಾತುರ್ಮಾಸ್ಯ ಯಾಗಗಳ ಸಾಕಮೇಧ ಪರ್ವದ ಅಂಗ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಪುರೋಡಾಶಗಳನ್ನು (ಹವಿಸ್ಸಿನ ರೊಟ್ಟಿಗಳನ್ನು), ಅವುಗಳ ಮೇಲೆ ಒಂದನ್ನು ಹೆಚ್ಚಾಗಿ, ಒಂದೊಂದು ಓಡಿನ ಮೇಲೆ ಸುಡುತ್ತಾರೆ. ರುದ್ರನ ದಿಕ್ಕಾದ ಉತ್ತರಕ್ಕೆ ಹೋಗಿ, ನಾಲ್ಕು ದಾರಿ ಕೂಡುವಲ್ಲಿ ಬೆಂಕಿಯಿಟ್ಟು ಮುತ್ತುಗದ ಎಲೆಯಿಂದ ಆಹುತಿ ಕೊಡುತ್ತಾರೆ. ಹೆಚ್ಚಾಗಿ ಮಾಡಿದ ಒಂದು ಪುರೋಡಾಶವನ್ನು ಇಲಿ ಕೆದರಿದ ಮಣ್ಣಿನಲ್ಲಿ ಹಾಕುವುದು ಕ್ರಮ, ಇಲಿ ರುದ್ರನ ಪಶುವಾದ್ದರಿಂದ. ತ್ರ್ಯಂಬಕ ಋಕ್ಕನ್ನು ಹೇಳುತ್ತ ಮನೆಯವರು ಬೆಂಕಿಗೆ ಸುತ್ತು ಬರುತ್ತಾರೆ. ಉಳಿದ ಪುರೋಡಾಶಗಳನ್ನು ಬುಟ್ಟಿಗಳಲ್ಲಿ ಕಟ್ಟಿ ಮರಕ್ಕೋ ಕಂಬಕ್ಕೋ ತೂಗುಹಾಕಿ, ಮೂಜವತ್ ಪರ್ವತದಾಚೆಗೆ ಹೋಗೆಂದು ರುದ್ರನನ್ನು ಕೇಳಿಕೊಂಡು, ಹಿಂದಿರುಗಿ ನೋಡದೆ ಬಂದು ನೀರು ಮುಟ್ಟುತ್ತಾರೆ. ಮನೆಮಂದಿಯನ್ನೂ ದನಕರುಗಳನ್ನೂ ರುದ್ರನ ಬಾಣದಿಂದ ಕಾಪಾಡಿಕೊಳ್ಳುವುದು ಇಡೀ ಕರ್ಮದ ಉದ್ದೇಶ. ರೋಗಿಯೊಬ್ಬನ ಹೆಸರು, ನಕ್ಷತ್ರ ಹೇಳಿ ಮಾಡುವ ಇಂದಿನ ಪ್ರಯೋಗದ ಕುರುಹು ಇಲ್ಲಿಲ್ಲ.

ಅದೇ ಹೋಮದಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಗಂಡನನ್ನು ಬೇಡಿ ಹೇಳುವ, ತುಸು ಮಾರ್ಪಡಿಸಿದ ಪಾಠವೂ ವಾಜಸನೇಯಿ ಸಂಹಿತೆಯಲ್ಲಿದೆ. ಅಥರ್ವವೇದದ ವಿವಾಹ ಸೂಕ್ತದಲ್ಲಿ (14.1.17) ತೊಟ್ಟಿನಿಂದ ಕಳಚುವ ಹಣ್ಣಿನ ಇದೇ ಉಪಮೆ ತವರಿನಿಂದ ಬಿಡಿಸಿಕೊಂಡು ಹೋಗುವ ವಧುವಿಗೆ ಅನ್ವಯವಾಗಿದೆ.

ಛಂದಸ್ಸು ಮತ್ತು ಪಾಠ

ಛಂದಸ್ಸು ಅನುಷ್ಟುಪ್. ಅನುಷ್ಟುಪ್ಪಿಗೆ ಎಂಟು ಅಕ್ಷರಗಳ ನಾಲ್ಕು ಪಾದಗಳಿರಬೇಕು. ಈ ಋಕ್ಕಿನಲ್ಲಿ ಬರೆದಂತೆ ಎಣಿಸಿದರೆ ಪಾದಗಳಲ್ಲಿ ಕ್ರಮವಾಗಿ 7, 8, 9, 8 ಅಕ್ಷರಗಳಿವೆ. ಮೊತ್ತ 32ಕ್ಕೆ ಸರಿಹೊಂದುತ್ತದೆ. ಮೊದಲ ಪದವನ್ನು ‘ತ್ರಿಯಂಬಕ’ ಎಂದು ಬಿಡಿಸಿ ಉಚ್ಚರಿಸಿದರೆ ಮೊದಲ ಪಾದಕ್ಕೂ ಎಂಟು ಅಕ್ಷರ ಬರುತ್ತದೆ, ಆದರೆ ಮೊತ್ತ 33 ಆಗುತ್ತದೆ. ಕೆಲವರು ಮಂತ್ರದ ಅಕ್ಷರಗಳನ್ನು 33 ಎಂದೆಣಿಸಿ ಮೂವತ್ತಮೂರು ದೇವತೆಗಳಿಗೆ ಹೊಂದಿಸುವುದು ಈ ಎಣಿಕೆಯಿಂದ.

ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರು ಸ್ವರಗಳೊಂದಿಗೆ ಹೇಳಬೇಕಾದ ಋಕ್ಕು ಇದು. ಕನ್ನಡ ಲಿಪಿಯ ಸಸ್ವರ ಪುಸ್ತಕಗಳಲ್ಲಿ ಅಕ್ಷರದ ಕೆಳಗೆ ಅಡ್ಡಗೆರೆ ಅನುದಾತ್ತವನ್ನೂ, ಮೇಲೆ ನಿಂತ ಗೆರೆ ಸ್ವರಿತವನ್ನೂ ಸೂಚಿಸುತ್ತದೆ. ಗುರುತಿಲ್ಲದ ಅಕ್ಷರ ಸಾಮಾನ್ಯವಾಗಿ ಉದಾತ್ತ. ದಕ್ಷಿಣ ಕನ್ನಡದಲ್ಲಿ ಋಗ್ವೇದ, ಕೃಷ್ಣಯಜುರ್ವೇದ ಎರಡೂ ಶಾಖೆಗಳ ಪಾಠ ಕೇಳಲು ಸಿಗುತ್ತದೆ. ಹವ್ಯಕರು ಹೆಚ್ಚಾಗಿ ಬೋಧಾಯನ ಸೂತ್ರದ ಕೃಷ್ಣಯಜುರ್ವೇದಿಗಳು. ಕರಾಡರು ಮತ್ತು ಗೌಡ ಸಾರಸ್ವತರು ಋಗ್ವೇದಿಗಳು. ಅಕ್ಷರಪಾಠ ಒಂದೇ ಆದರೂ ಹೇಳುವ ಧಾಟಿ ಬೇರೆ.

ಪಾಠದಲ್ಲಿ ಆಗಾಗ ಎಡವುವುದು ಕೊನೆಯ ಪಾದದಲ್ಲಿ. ಅಲ್ಲಿನ ‘ಮಾಮೃತಾತ್’ ಎಂಬುದನ್ನು ‘ಮಾ’ ಮತ್ತು ‘ಅಮೃತಾತ್’ ಎಂದು ಬಿಡಿಸಬೇಕು. ಸಾವಿನಿಂದ ಬಿಡಿಸು, ಅಮೃತದಿಂದ ಬೇರ್ಪಡಿಸಬೇಡ ಎಂಬ ಅರ್ಥ ಆಗ ಬರುತ್ತದೆ. ‘ಮಾ’ ಮತ್ತು ‘ಮೃತಾತ್’ ಎಂದು ನಡುವೆ ಉಸಿರು ನಿಲ್ಲಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಧ್ವನಿಮುದ್ರಿಕೆ ಕೇಳಿ ಕಲಿತವರಲ್ಲಿ ಈ ತಪ್ಪು ಸಾಮಾನ್ಯ.

ಅರ್ಥ

ಸುಗಂಧಿಯೂ ಪುಷ್ಟಿಯನ್ನು ಹೆಚ್ಚಿಸುವವನೂ ಆದ ತ್ರ್ಯಂಬಕನನ್ನು ಯಜಿಸುತ್ತೇವೆ. ಹಣ್ಣು ತನ್ನ ತೊಟ್ಟಿನಿಂದ ಕಳಚಿಕೊಳ್ಳುವಂತೆ ನಾನು ಸಾವಿನಿಂದ ಬಿಡುಗಡೆಯಾಗುವಂತಾಗಲಿ, ಅಮೃತತ್ವದಿಂದ ದೂರವಾಗದಿರುವಂತಾಗಲಿ ಎಂಬುದು ಒಟ್ಟು ತಾತ್ಪರ್ಯ. ‘ರೋಗ’, ‘ಔಷಧ’ ಎಂಬ ಪದಗಳು ಮಂತ್ರದಲ್ಲಿ ಎಲ್ಲೂ ಇಲ್ಲ.

ತ್ರ್ಯಂಬಕ ಪದಕ್ಕೆ ಮೂರು ಕಣ್ಣುಳ್ಳವನು ಎಂಬುದು ಜನಬಳಕೆಯ ಅರ್ಥ. ಇದಕ್ಕಿಂತ ಹಳೆಯ ವಿವರಣೆಗಳು ಬೇರೆಯಿವೆ. ಶತಪಥ ಬ್ರಾಹ್ಮಣವು ರುದ್ರನ ಸೋದರಿ ಅಂಬಿಕೆಯೊಂದಿಗೆ ಪದವನ್ನು ಜೋಡಿಸುತ್ತದೆ. ಹವಿಸ್ಸಿನಲ್ಲಿ ಆಕೆಗೂ ಪಾಲುಂಟು. ಮೂವರು ತಾಯಂದಿರುಳ್ಳವನು ಎಂಬ ಅರ್ಥವೂ ಇದೆ. ವಿಜಯನಗರದ ಬುಕ್ಕರಾಯ ಮತ್ತು ಇಮ್ಮಡಿ ಹರಿಹರರ ಆಶ್ರಯದಲ್ಲಿ 14ನೆಯ ಶತಮಾನದಲ್ಲಿ ವೇದಭಾಷ್ಯ ರಚಿಸಿದ ಸಾಯಣನು ಬ್ರಹ್ಮ, ವಿಷ್ಣು, ರುದ್ರರೆಂಬ ಮೂವರ ತಂದೆ ಎಂದು ವಿವರಿಸುತ್ತಾನೆ. ಸುಗಂಧಿ ಎಂಬುದಕ್ಕೆ ಕೀರ್ತಿಯ ಪರಿಮಳ ಎಲ್ಲೆಡೆ ಹರಡಿರುವವನು ಎಂದು ಅರ್ಥ ಹೇಳುತ್ತಾನೆ. ಪುಷ್ಟಿ ಎಂದರೆ ದೇಹದ ಬಲವಷ್ಟೇ ಅಲ್ಲ. ಧಾನ್ಯ, ಪಶು, ಸಂತತಿಗಳ ಸಮೃದ್ಧಿಯೂ ಹೌದು.

ಉಪಮೆಯಲ್ಲಿರುವ ‘ಉರ್ವಾರುಕ’ ಸೌತೆ ಜಾತಿಯ ಬಳ್ಳಿಯ ಕಾಯಿ. ಮುಳ್ಳುಸೌತೆ ಎಂದು ಅನುವಾದಿಸುವುದು ವಾಡಿಕೆ. ಆದರೆ ಮುಳ್ಳುಸೌತೆಯನ್ನು ಎಳೆಯದಾಗಿರುವಾಗಲೇ ಕೊಯ್ಯುವುದರಿಂದ ಉಪಮೆಯ ಸ್ವಾರಸ್ಯ ಅಲ್ಲಿ ಕಾಣುವುದಿಲ್ಲ. ಅದೇ ಕುಲದ ಕೆಕ್ಕರಿಕೆ ಮತ್ತು ಕರಾವಳಿಯಲ್ಲಿ ಬೇಸಿಗೆಯ ಪಾನಕಕ್ಕೆ ಬಳಸುವ ಇಬ್ಬುಡ್ಲ ಪೂರ್ತಿ ಹಣ್ಣಾದಾಗ ತೊಟ್ಟಿನ ಬುಡದ ಜೀವಕೋಶಗಳ ಪದರ ಸಡಿಲಗೊಂಡು ತಾನಾಗಿ ಬೇರ್ಪಡುತ್ತವೆ. ತೊಟ್ಟಿನ ಸುತ್ತ ಬಿರುಕಿನ ಉಂಗುರ ಮೂಡಿದರೆ ಕೈ ತಾಗಿದಷ್ಟಕ್ಕೇ ಹಣ್ಣು ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಎಳೆದರೆ ಬಳ್ಳಿಯೇ ಹರಿಯುತ್ತದೆ. ಮಾಗಿದ ಮೇಲೆ ನೋವಿಲ್ಲದ ಬಿಡುಗಡೆ ಎಂಬ ಅರ್ಥವನ್ನು ವೇದಾಂತಿಗಳು ಎತ್ತಿ ಹಿಡಿಯುವುದು ಈ ಕಾರಣಕ್ಕೆ. ರೋಗಿ ಬದುಕಲೆಂದು ಹೇಳಿಸುವ ಮಂತ್ರವನ್ನೇ ಮರಣಶಯ್ಯೆಯಲ್ಲಿರುವ ವೃದ್ಧರ ಬಳಿಯೂ ಹೇಳುವ ರೂಢಿಗೆ ಆಧಾರ ಈ ಉಪಮೆಯಲ್ಲೇ ಇದೆ.

ಪುರಾಣ ಮತ್ತು ತಂತ್ರ

ಮಂತ್ರವನ್ನು ಸಾವಿನ ಮೇಲಿನ ಜಯದೊಂದಿಗೆ ಗಟ್ಟಿಯಾಗಿ ಬೆಸೆದದ್ದು ಪುರಾಣಗಳು. ಮೃಕಂಡು ಮುನಿಯ ಮಗ ಮಾರ್ಕಂಡೇಯನಿಗೆ ಹದಿನಾರೇ ವರ್ಷದ ಆಯುಷ್ಯ. ಯಮನ ಪಾಶ ಬಿದ್ದಾಗ ಆತ ಶಿವಲಿಂಗವನ್ನು ಅಪ್ಪಿಕೊಂಡ, ಶಿವ ಯಮನನ್ನು ಒದ್ದು ಹುಡುಗನನ್ನು ಉಳಿಸಿದ ಎಂಬ ಕಥೆ ಕನ್ನಡ ನಾಡಿನ ಮನೆಮಾತು. ತಮಿಳುನಾಡಿನ ತಿರುಕ್ಕಡಯೂರು ಈ ಘಟನೆಯ ಕ್ಷೇತ್ರವೆಂದು ಪ್ರಸಿದ್ಧ. ಅರುವತ್ತು, ಎಂಬತ್ತು ತುಂಬಿದ ದಂಪತಿಗಳು ಶಾಂತಿಗಾಗಿ ಅಲ್ಲಿಗೆ ಹೋಗುತ್ತಾರೆ. ಶಿವಪುರಾಣದಲ್ಲಿ ಶುಕ್ರಾಚಾರ್ಯನು ದಧೀಚಿಗೆ ಮಂತ್ರವನ್ನು ಉಪದೇಶಿಸುತ್ತಾನೆ. ಸತ್ತವರನ್ನು ಬದುಕಿಸುವ ಶುಕ್ರನ ಸಂಜೀವಿನೀ ವಿದ್ಯೆಯೊಂದಿಗೆ ಈ ಋಕ್ಕು ತಳಕುಹಾಕಿಕೊಂಡದ್ದು ಹೀಗೆ.

ಪ್ರಯೋಗದ ವಿಧಿಯನ್ನು ಕಟ್ಟಿದ್ದು ತಂತ್ರಗ್ರಂಥಗಳು. ಕಾಶ್ಮೀರದ ನೇತ್ರತಂತ್ರದಲ್ಲಿ ತ್ರ್ಯಕ್ಷರೀ ಮಂತ್ರದ ದೇವತೆ ಅಮೃತೇಶ ಅಥವಾ ಮೃತ್ಯುಂಜಯ. ಇದಕ್ಕೆ ಕ್ಷೇಮರಾಜನ ವ್ಯಾಖ್ಯಾನವಿದೆ. ದಕ್ಷಿಣದಲ್ಲಿ ಪ್ರಮಾಣವೆನಿಸಿರುವುದು ಶಂಕರರ ಹೆಸರಿನಲ್ಲಿರುವ ಪ್ರಪಂಚಸಾರ ಮತ್ತು ಲಕ್ಷ್ಮಣದೇಶಿಕೇಂದ್ರನ ಶಾರದಾತಿಲಕ. ಧ್ಯಾನದಲ್ಲಿ ಮೃತ್ಯುಂಜಯನು ಬೆಳದಿಂಗಳ ಬಣ್ಣದವನು, ತಾವರೆಯ ಮೇಲೆ ಕುಳಿತವನು, ಎರಡು ಕಲಶಗಳ ಅಮೃತವನ್ನು ತನ್ನ ತಲೆಯ ಮೇಲೆಯೇ ಸುರಿದುಕೊಳ್ಳುತ್ತಿರುವವನು. ಬಾಣ ಹಿಡಿದ ವೇದದ ರುದ್ರನಿಗೂ ತಂಪಾದ ಈ ಮೂರ್ತಿಗೂ ಬಹಳ ಅಂತರವಿದೆ. ಋಕ್ಕು ರೋಗಪರಿಹಾರದ ಮಂತ್ರವಾದದ್ದು ಈ ಅಂತರದಲ್ಲಿ.

ಜಪವಿಧಾನ

ಆಚಮನ, ಪ್ರಾಣಾಯಾಮ, ಸಂಕಲ್ಪಗಳಾದ ಮೇಲೆ ಋಷಿ, ಛಂದಸ್ಸು, ದೇವತೆಗಳನ್ನು ಸ್ಮರಿಸಿ ನ್ಯಾಸ (ಮಂತ್ರಭಾಗಗಳನ್ನು ಹೇಳುತ್ತ ಅಂಗಗಳನ್ನು ಮುಟ್ಟುವುದು) ಮಾಡಬೇಕು. ಬಳಿಕ ಧ್ಯಾನ, ಕೊನೆಗೆ ಜಪ. ಶುದ್ಧ ಋಕ್ಕಿಗೆ ಋಷಿ ವಸಿಷ್ಠ, ತ್ರ್ಯಕ್ಷರಿಗೆ ಕಹೋಲ. ಜಪ ಮೂರು ಬಗೆ: ಕೇಳುವಂತೆ ಹೇಳುವುದು ವಾಚಿಕ, ತುಟಿಯಷ್ಟೇ ಅಲುಗುವುದು ಉಪಾಂಶು, ಮನಸ್ಸಿನಲ್ಲೇ ನಡೆಯುವುದು ಮಾನಸ. ಒಂದಕ್ಕಿಂತ ಒಂದು ಶ್ರೇಷ್ಠವೆಂದು ಶಾಸ್ತ್ರ. ಎಣಿಕೆಗೆ 108 ಮಣಿಗಳ ರುದ್ರಾಕ್ಷಿ ಮಾಲೆ. ಮೇರುಮಣಿಯನ್ನು ದಾಟದೆ ಮಾಲೆಯನ್ನು ತಿರುಗಿಸಿ ಎಣಿಸಬೇಕು. ರೋಗಿ ಸ್ವತಃ ಜಪಿಸಲಾಗದಿದ್ದರೆ ಮನೆಯವರೋ ಪುರೋಹಿತರೋ ಅವನ ಹೆಸರಿನಲ್ಲಿ ಸಂಕಲ್ಪ ಮಾಡಿ ಜಪಿಸುತ್ತಾರೆ.

ಪುರಶ್ಚರಣೆಯಲ್ಲಿ, ಅಂದರೆ ಮಂತ್ರಸಿದ್ಧಿಗಾಗಿ ಸಂಖ್ಯೆ ಗೊತ್ತುಮಾಡಿ ನಡೆಸುವ ಅನುಷ್ಠಾನದಲ್ಲಿ, ಮಂತ್ರಾಕ್ಷರಕ್ಕೆ ಲಕ್ಷದಂತೆ ಜಪ ಎಂಬುದು ಸಾಮಾನ್ಯ ನಿಯಮ. ಇದರ ಪ್ರಕಾರ ತ್ರ್ಯಂಬಕ ಋಕ್ಕಿಗೆ 32 ಲಕ್ಷವಾಗುತ್ತದೆ. ವ್ಯವಹಾರದಲ್ಲಿ, ವಿಶೇಷವಾಗಿ ಉತ್ತರ ಭಾರತದಲ್ಲಿ, 1,25,000 ಜಪ ಪ್ರಸಿದ್ಧ. ಜಪದ ಹತ್ತರಲ್ಲೊಂದು ಹೋಮ, ಅದರ ಹತ್ತರಲ್ಲೊಂದು ತರ್ಪಣ, ಹಾಗೆಯೇ ಮಾರ್ಜನ, ಅನ್ನಸಂತರ್ಪಣೆ. ಈ ಯಾವ ಸಂಖ್ಯೆಗೂ ವೇದಸಂಹಿತೆಯ ಆಧಾರವಿಲ್ಲ. ಎಲ್ಲವೂ ತಂತ್ರ ಮತ್ತು ಪದ್ಧತಿಗ್ರಂಥಗಳವು.

ಜಪಕ್ಕೆ ಹೊರತಾಗಿ ಇನ್ನೆರಡು ಬಳಕೆಗಳಿವೆ. ತೈತ್ತಿರೀಯ ಸಂಹಿತೆಯ ರುದ್ರಪ್ರಶ್ನವನ್ನು (4.5), ಅಂದರೆ ನಮಕವನ್ನು, ಪಠಿಸಿದಾಗ ಹನ್ನೊಂದನೆಯ ಅನುವಾಕದ ಕೊನೆಗೆ ತ್ರ್ಯಂಬಕ ಋಕ್ಕನ್ನು ಸೇರಿಸುತ್ತಾರೆ. ಆದ್ದರಿಂದ ರುದ್ರಾಭಿಷೇಕ ನಡೆದಾಗಲೆಲ್ಲ ಶಿವಾಲಯಗಳಲ್ಲಿ ಇದು ಕೇಳಿಸುತ್ತದೆ. ನಮಕ 11 ಆವೃತ್ತಿಯಾದರೆ ಏಕಾದಶ ರುದ್ರ, 121 ಆದರೆ ಲಘುರುದ್ರ, 1,331 ಮಹಾರುದ್ರ, 14,641 ಅತಿರುದ್ರ. ಇನ್ನೊಂದು ಬಳಕೆ ಭಸ್ಮಧಾರಣೆಯಲ್ಲಿ: ಕಾಲಾಗ್ನಿರುದ್ರೋಪನಿಷತ್ತು ತ್ರಿಪುಂಡ್ರ ಧರಿಸಲು ಹೇಳುವ ಮಂತ್ರಗಳಲ್ಲಿ ಇದೂ ಸೇರಿದೆ.

ಮೃತ್ಯುಂಜಯ ಹೋಮ

ಕರಾವಳಿಯಲ್ಲಿ ‘ಮೃತ್ಯುಂಜಯ’ ಎಂದರೆ ಜಪಕ್ಕಿಂತ ಮೊದಲು ನೆನಪಾಗುವುದು ಹೋಮ. ಕೇರಳ ಮತ್ತು ತುಳುನಾಡಿನ ತಂತ್ರಪದ್ಧತಿಯಲ್ಲಿ ಇದರ ಪೂರ್ಣರೂಪಕ್ಕೆ ಏಳು ದ್ರವ್ಯಗಳು: ಅಮೃತಬಳ್ಳಿ, ಆಲದ ಮೊಗ್ಗು, ಎಳ್ಳು, ಗರಿಕೆ, ಹಾಲು, ತುಪ್ಪ, ಪಾಯಸ. ಒಂದೊಂದರಿಂದ 144ರಂತೆ ಆಹುತಿ ಕೊಟ್ಟರೆ 1,008 ಆಗುತ್ತದೆ. ಸಣ್ಣ ಪ್ರಮಾಣದಲ್ಲಿ ಮಾಡಿಸುವವರು 108 ಆಹುತಿಗೆ ಮುಗಿಸುತ್ತಾರೆ.

ಏಳರಲ್ಲಿ ಮುಖ್ಯವಾದುದು ಅಮೃತಬಳ್ಳಿ. ಬಲಿತ ಬಳ್ಳಿಯನ್ನು ನಾಲ್ಕು ಬೆರಳಗಲದ ತುಂಡುಗಳಾಗಿ ಕತ್ತರಿಸಿ ಹಾಲಿನಲ್ಲಿ ಅದ್ದಿ ಹಾಕುತ್ತಾರೆ. ಹಸಿ ಬಳ್ಳಿಯಾದ್ದರಿಂದ ಬೆಂಕಿಗೆ ಬಿದ್ದೊಡನೆ ನೊರೆ ಕಾರಿ ಚಟಗುಟ್ಟುತ್ತದೆ, ಕಹಿ ಹೊಗೆ ಏಳುತ್ತದೆ. ಹಾಗಾಗಿ ಕೆಂಡ ಚೆನ್ನಾಗಿ ಕೂಡುವವರೆಗೆ ಭಟ್ಟರು ಹಲಸಿನ ಚಕ್ಕೆಯನ್ನೂ ತುಪ್ಪವನ್ನೂ ಧಾರಾಳವಾಗಿ ಹಾಕುತ್ತಾರೆ. ಗರಿಕೆಯನ್ನು ಮೂರು ಮೂರು ಎಸಳಾಗಿ ಜೋಡಿಸಿಡುವ ಕೆಲಸ ಸಾಮಾನ್ಯವಾಗಿ ಹಿಂದಿನ ಸಂಜೆ ಮನೆಯವರದ್ದು. ಪೂರ್ಣಾಹುತಿಯ ಬಳಿಕ ಕಲಶದ ನೀರನ್ನು ರೋಗಿಯ ತಲೆಗೆ ಪ್ರೋಕ್ಷಿಸಿ, ಹೋಮದ ಬೂದಿಯನ್ನು ತುಪ್ಪದಲ್ಲಿ ಕಲಸಿದ ಕಪ್ಪು ರಕ್ಷೆಯನ್ನು ಹಣೆಗೆ ಇಡುತ್ತಾರೆ. ಅಮೃತಬಳ್ಳಿ ಆಯುರ್ವೇದದಲ್ಲಿ ಜ್ವರಕ್ಕೆ ಹೇಳಿದ ಮದ್ದು. ಹೆಸರಿನಲ್ಲಿಯೇ ಅಮೃತವಿರುವುದು ಹೋಮದಲ್ಲಿ ಅದಕ್ಕೆ ಮೊದಲ ಸ್ಥಾನ ತಂದಿದೆ.

ಹೋಮ ಮಾಡಿಸುವ ಸಂದರ್ಭಗಳು ಹಲವು. ದೀರ್ಘಕಾಲದ ಕಾಯಿಲೆ, ದೊಡ್ಡ ಶಸ್ತ್ರಚಿಕಿತ್ಸೆ, ಅಪಘಾತದಿಂದ ಪಾರಾದದ್ದು, ಜಾತಕದಲ್ಲಿ ಮಾರಕ ದಶೆ, ಮಕ್ಕಳ ಹುಟ್ಟುಹಬ್ಬ. ವಯಸ್ಸಿನ ಶಾಂತಿಗಳಾದ ಉಗ್ರರಥ, ಷಷ್ಟ್ಯಬ್ದಿ, ಭೀಮರಥ, ಸಹಸ್ರಚಂದ್ರ ದರ್ಶನಗಳಲ್ಲೂ ಇದು ಅಂಗಹೋಮ. ಅಷ್ಟಮಂಗಲ ಪ್ರಶ್ನೆಯೆಂಬ ಜ್ಯೋತಿಷ ವಿಚಾರಣೆಯಲ್ಲಿ ರೋಗಕ್ಕೆ ಪರಿಹಾರವಾಗಿ ಜೋಯಿಸರು ಸೂಚಿಸುವ ಕರ್ಮಗಳಲ್ಲಿ ಇದು ಪದೇಪದೇ ಬರುತ್ತದೆ. ಈ ಪ್ರಶ್ನಪದ್ಧತಿಯ ಆಧಾರಗ್ರಂಥ, 1649ರಲ್ಲಿ ಉತ್ತರ ಕೇರಳದಲ್ಲಿ ರಚಿತವಾದ ಪ್ರಶ್ನಮಾರ್ಗ.

ಬಿಕರ್ನಕಟ್ಟೆ ಮತ್ತು ಸುತ್ತಲಿನ ಪರಿಸರ

ಬಿಕರ್ನಕಟ್ಟೆ ಮಂಗಳೂರು ಮಹಾನಗರಪಾಲಿಕೆಯ ಪೂರ್ವಭಾಗದಲ್ಲಿ, ನಂತೂರಿನಿಂದ ಕುಲಶೇಖರ, ವಾಮಂಜೂರು ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಮೇಲಿದೆ. ಹೊರಗಿನವರಿಗೆ ಈ ಹೆಸರು ಪರಿಚಯವಿರುವುದು ಇಲ್ಲಿನ ಕಾರ್ಮೆಲ್ ಗುಡ್ಡದ ಬಾಲಯೇಸು ಪುಣ್ಯಕ್ಷೇತ್ರದಿಂದ. ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಈ ಕ್ಷೇತ್ರದ ವಾರ್ಷಿಕ ಹಬ್ಬ ಜನವರಿ ಮಧ್ಯದಲ್ಲಿ. ಕಾಯಿಲೆ ಗುಣವಾಗಲೆಂದು, ಮಕ್ಕಳಾಗಲೆಂದು ನೊವೆನಾ ಪ್ರಾರ್ಥನೆಗೆ ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ರುದ್ರಾಭಿಷೇಕಕ್ಕೆ ರಶೀದಿ ಮಾಡಿಸಿದ ಮನೆಯವರೇ ಬಿಕರ್ನಕಟ್ಟೆಯಲ್ಲಿ ಮೇಣದಬತ್ತಿ ಹಚ್ಚುವುದು ಮಂಗಳೂರಿನಲ್ಲಿ ಯಾರಿಗೂ ಸೋಜಿಗವಲ್ಲ.

ಇಲ್ಲಿನವರು ಶಿವಸೇವೆಗೆ ಮುಖ್ಯವಾಗಿ ಹೋಗುವುದು ಸಮೀಪದ ಕದ್ರಿ ಮಂಜುನಾಥ ದೇವಸ್ಥಾನಕ್ಕೆ. ಅಲ್ಲಿನ ಲೋಕೇಶ್ವರ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಅಲ್ಲಿನ ಕೆರೆಗಳಲ್ಲಿ ಮಿಂದು ದೇವರ ದರ್ಶನ ಮಾಡುವುದು ಹಳೆಯ ಕ್ರಮ. ಪಕ್ಕದ ಜೋಗಿಮಠಕ್ಕೂ ನಾಸಿಕದ ತ್ರ್ಯಂಬಕೇಶ್ವರಕ್ಕೂ ನಂಟಿದೆ: ಹನ್ನೆರಡು ವರ್ಷಗಳಿಗೊಮ್ಮೆ ನಾಥಪಂಥದ ಯೋಗಿಗಳ ತಂಡ (ಝುಂಡಿ) ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಕದ್ರಿಗೆ ಬಂದು ಹೊಸ ಪೀಠಾಧಿಪತಿಗೆ ಪಟ್ಟ ಕಟ್ಟುತ್ತದೆ. 2016ರಲ್ಲಿ ಇದು ನಡೆಯಿತು. ಮರೋಳಿಯ ಸೂರ್ಯನಾರಾಯಣ ದೇವಸ್ಥಾನವೂ ಬಿಕರ್ನಕಟ್ಟೆಗೆ ಹತ್ತಿರ. ಸೂರ್ಯ ಆರೋಗ್ಯದ ದೇವತೆಯಾದ್ದರಿಂದ ಚರ್ಮ ಮತ್ತು ಕಣ್ಣಿನ ತೊಂದರೆಗಳಿಗೆ ಹರಕೆ ಹೇಳಿಕೊಳ್ಳುವುದುಂಟು.

ದೇವಸ್ಥಾನದಲ್ಲಿ ಸೇವೆಯ ಕ್ರಮ ಸರಳ. ಸೇವಾಕೌಂಟರಿನಲ್ಲಿ ಹೆಸರು, ನಕ್ಷತ್ರ, ರಾಶಿ ಹೇಳಿ ರಶೀದಿ ಮಾಡಿಸಬೇಕು. ಅರ್ಚಕರು ಸಂಕಲ್ಪದಲ್ಲಿ ಅವನ್ನು ಓದಿ ಅಭಿಷೇಕ ಮಾಡಿ ಗಂಧಪ್ರಸಾದ, ತೀರ್ಥ ಕೊಡುತ್ತಾರೆ. ಆಸ್ಪತ್ರೆಯಲ್ಲಿರುವವರ ಪರವಾಗಿ ಮನೆಯವರು ಬಂದು ಪ್ರಸಾದ ಒಯ್ಯುತ್ತಾರೆ. ಮನೆಯಲ್ಲಿ ಹೋಮ ಮಾಡಿಸುವವರು ಭಟ್ಟರು ಬರೆದುಕೊಟ್ಟ ಚೀಟಿ ಹಿಡಿದು ಗ್ರಂಧಿಗೆ ಅಂಗಡಿಗೆ ಹೋದರೆ ಎಳ್ಳಿನಿಂದ ಕಲಶದ ನೂಲಿನವರೆಗೆ ಸಿಗುತ್ತದೆ. ಅಮೃತಬಳ್ಳಿ, ಗರಿಕೆಗಳನ್ನು ಮಾತ್ರ ಹಿತ್ತಿಲಿನಿಂದ ತರುವುದೇ ಹೆಚ್ಚು.

ಜಿಲ್ಲೆಯಲ್ಲಿ ಮೃತ್ಯುಂಜಯ ಎಂಬ ಹೆಸರಿನ ನದಿಯೂ ಇದೆ. ಚಾರ್ಮಾಡಿ ಘಟ್ಟದ ಕಡೆ ಹುಟ್ಟಿ, ಬೆಳ್ತಂಗಡಿ ತಾಲ್ಲೂಕಿನ ಕಲ್ಮಂಜದ ಪಜಿರಡ್ಕದಲ್ಲಿ ನೇತ್ರಾವತಿಯನ್ನು ಸೇರುತ್ತದೆ; ಸಂಗಮದಲ್ಲಿ ಶಿವಾಲಯವಿದೆ.

ಇತರ ರೋಗಪರಿಹಾರ ಮಂತ್ರಗಳು

ಮೃತ್ಯುಂಜಯಕ್ಕೆ ಸಮಾನವಾದ ಸ್ಥಾನ ವೈಷ್ಣವರಲ್ಲಿ ಧನ್ವಂತರಿ ಮಂತ್ರಕ್ಕೂ ವಿಷ್ಣುಸಹಸ್ರನಾಮಕ್ಕೂ ಇದೆ. ಜ್ವರಚಿಕಿತ್ಸೆಯಲ್ಲಿ ವಿಷ್ಣುವಿನ ಸಾವಿರ ಹೆಸರುಗಳ ಪಠನವನ್ನು ಚರಕಸಂಹಿತೆಯೇ ಹೇಳುತ್ತದೆ. ಮಾಧ್ವರು ತ್ರಿವಿಕ್ರಮ ಪಂಡಿತಾಚಾರ್ಯರ ವಾಯುಸ್ತುತಿಯನ್ನು ಪುರಶ್ಚರಣೆಯಾಗಿ ಪಠಿಸುತ್ತಾರೆ. ವೀರಶೈವರಲ್ಲಿ ಪಂಚಾಕ್ಷರಿಯೇ ಸರ್ವರೋಗಕ್ಕೂ ಮಂತ್ರ.

ತುಳುನಾಡಿನ ಜನಪದ ವೈದ್ಯದಲ್ಲಿ ಸಂಸ್ಕೃತವಲ್ಲದ ಮಂತ್ರಗಳ ಬೇರೆಯೇ ಪರಂಪರೆಯಿದೆ. ಸರ್ಪಸುತ್ತು, ದೃಷ್ಟಿ, ಮಕ್ಕಳ ಬೆದರುವಿಕೆಗಳಿಗೆ ನೀರು ಮಂತ್ರಿಸಿ ಕೊಡುವುದು, ಮಂತ್ರಿಸಿದ ನೂಲು ಕಟ್ಟುವುದು ಹಳ್ಳಿಗಳಲ್ಲಿ ಈಗಲೂ ಇದೆ. ಇವು ಮನೆತನದಿಂದ ಬಂದವು, ಗುಟ್ಟಾಗಿ ಉಳಿದವು. ಹೇಳಿಕೊಟ್ಟರೆ ಶಕ್ತಿ ಹೋಗುತ್ತದೆಂಬ ನಂಬಿಕೆಯಿಂದ ಬರಹಕ್ಕೆ ಇಳಿದದ್ದು ಕಡಿಮೆ. ತುಳುವರ ಆಟಿ ತಿಂಗಳಲ್ಲಿ ನಲಿಕೆ ಸಮುದಾಯದವರು ಕಟ್ಟುವ ಆಟಿ ಕಳೆಂಜ ಮನೆಮನೆಗೆ ಬಂದು ಮಾರಿ ಕಳೆಯುವುದೂ ರೋಗನಿವಾರಣೆಯ ಆಚರಣೆಯೇ. ಅದೇ ತಿಂಗಳ ಅಮಾವಾಸ್ಯೆಯಂದು ಬರಿಹೊಟ್ಟೆಯಲ್ಲಿ ಕುಡಿಯುವ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಆಚರಣೆಗೂ ಮದ್ದಿಗೂ ಒಟ್ಟಿಗೆ ಸೇರಿದ್ದು.

ಚಿಕಿತ್ಸೆಯೊಂದಿಗಿನ ಸಂಬಂಧ

ಚರಕಸಂಹಿತೆಯ ಸೂತ್ರಸ್ಥಾನ (11.54) ಚಿಕಿತ್ಸೆಯನ್ನು ಮೂರಾಗಿ ವಿಂಗಡಿಸುತ್ತದೆ. ದೈವವ್ಯಪಾಶ್ರಯದಲ್ಲಿ ಮಂತ್ರ, ಮಣಿ, ಬಲಿ, ಹೋಮ, ಉಪವಾಸ ಮೊದಲಾದವು. ಯುಕ್ತಿವ್ಯಪಾಶ್ರಯದಲ್ಲಿ ಆಹಾರ, ಔಷಧಗಳ ಯೋಜನೆ. ಸತ್ತ್ವಾವಜಯದಲ್ಲಿ ಮನಸ್ಸನ್ನು ಅಹಿತ ವಿಷಯಗಳಿಂದ ತಡೆಯುವುದು. ದೈವವ್ಯಪಾಶ್ರಯದ ಪಟ್ಟಿಯಲ್ಲಿ ಮೊದಲ ಹೆಸರು ಮಂತ್ರ. ಆದರೆ ಗ್ರಂಥದ ಬಹುಭಾಗ ಮೀಸಲಾಗಿರುವುದು ಎರಡನೆಯ ಬಗೆಗೆ. ಮಂತ್ರವಿದ್ದರೆ ಮದ್ದು ಬೇಡ ಎಂಬ ಮಾತು ಆಯುರ್ವೇದದ ಮೂಲಗ್ರಂಥಗಳಲ್ಲಿಲ್ಲ.

ಮಂಗಳೂರಿನಲ್ಲಿ ಆಧುನಿಕ ವೈದ್ಯಕೀಯದ ಬೇರು ಹಳೆಯದು. ಬಿಕರ್ನಕಟ್ಟೆಗೆ ಸಮೀಪದ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಾಲಯವಾಗಿ ಆರಂಭಿಸಿದ ಸಂಸ್ಥೆ ಇಂದು ದೊಡ್ಡ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು. ಮೃತ್ಯುಂಜಯ ಸೇವೆ ಮಾಡಿಸುವವರು ಸಾಮಾನ್ಯವಾಗಿ ವೈದ್ಯರ ಚಿಕಿತ್ಸೆಯೊಂದಿಗೇ ಅದನ್ನು ನಡೆಸುತ್ತಾರೆ.

ವೈಜ್ಞಾನಿಕ ಪರೀಕ್ಷೆ

ಪರೀಕ್ಷೆಗೆ ಒಳಪಡುವ ಪ್ರಶ್ನೆಗಳು ಎರಡು: ಜಪಿಸುವವನ ದೇಹದಲ್ಲಿ ಏನಾಗುತ್ತದೆ, ಬೇರೊಬ್ಬರು ಜಪಿಸಿದರೆ ರೋಗಿಗೆ ಏನಾಗುತ್ತದೆ. ಎರಡಕ್ಕೂ ಸಿಕ್ಕಿರುವ ಉತ್ತರ ಬೇರೆ ಬೇರೆ. ಜನಪ್ರಿಯ ಬರಹಗಳು ಇವನ್ನು ಬೆರೆಸಿಬಿಡುತ್ತವೆ.

ಮೊದಲ ಪ್ರಶ್ನೆಗೆ ಒಂದಿಷ್ಟು ಆಧಾರವಿದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರ ಅಧ್ಯಯನದಲ್ಲಿ 23 ಆರೋಗ್ಯವಂತರು ಲ್ಯಾಟಿನ್ ಜಪಸರ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವೊಂದನ್ನೂ ಹೇಳಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಪ್ರತಿವರ್ತನೆ ಸುಧಾರಿಸಿತು. ಅಂದರೆ ಕಾರಣ ನಿಧಾನವಾದ ಲಯಬದ್ಧ ಉಸಿರಾಟ; ಬಿಕರ್ನಕಟ್ಟೆಯ ಜಪಸರಕ್ಕೂ ಕದ್ರಿಯ ರುದ್ರಾಕ್ಷಿಮಾಲೆಗೂ ಇದು ಸಮಾನ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಾಥಮಿಕ ಅಧ್ಯಯನವು ಓಂಕಾರ ಉಚ್ಚಾರಣೆಯ ವೇಳೆ ಮೆದುಳಿನ ಲಿಂಬಿಕ್ ಭಾಗಗಳ ಚಟುವಟಿಕೆ ತಗ್ಗುವುದನ್ನು ಗುರುತಿಸಿತು. ಭಾಗವಹಿಸಿದವರು ಕೆಲವೇ ಮಂದಿ.

ಎರಡನೆಯ ಪ್ರಶ್ನೆಗೆ ಅತಿ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. ಹರ್ಬರ್ಟ್ ಬೆನ್ಸನ್ ನೇತೃತ್ವದಲ್ಲಿ ಆರು ಆಸ್ಪತ್ರೆಗಳ 1,802 ಹೃದಯ ಬೈಪಾಸ್ ರೋಗಿಗಳ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪರರ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದ ಗುಂಪಿನಲ್ಲಿ ತೊಡಕುಗಳು ಶೇಕಡ 59, ಉಳಿದ ಎರಡು ಗುಂಪುಗಳಲ್ಲಿ 51 ಮತ್ತು 52. ಮಹಾಮೃತ್ಯುಂಜಯ ಮಂತ್ರವನ್ನೇ ತೆಗೆದುಕೊಂಡು, ತಲೆಗೆ ತೀವ್ರ ಪೆಟ್ಟಾದ ರೋಗಿಗಳ ಸಣ್ಣ ಗುಂಪಿನ ಮೇಲೆ ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ 2016ರ ಬಳಿಕ ಅಧ್ಯಯನ ನಡೆದಿದೆ. ಸಂಶೋಧಕನಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಫೆಲೋಶಿಪ್ ಇತ್ತು. ಇಂಥ ಸಣ್ಣ ಗುಂಪಿನಿಂದ ಚಿಕಿತ್ಸೆಯ ನಿರ್ಣಯಕ್ಕೆ ಬರಲಾಗದು.

ಅಧಿಕಾರ

ಸಸ್ವರ ವೇದಮಂತ್ರವಾದ್ದರಿಂದ ಉಪನೀತರಿಗೆ ಮಾತ್ರ ಅಧಿಕಾರ ಎಂಬುದು ಸಾಂಪ್ರದಾಯಿಕ ನಿಲುವು. ಉಳಿದವರಿಗೆ ಪಂಚಾಕ್ಷರಿ ಅಥವಾ ನಾಮಜಪವನ್ನು ಹೇಳುತ್ತಿದ್ದರು. 20ನೆಯ ಶತಮಾನದಲ್ಲಿ ಈ ಗಡಿ ಬಹುಮಟ್ಟಿಗೆ ಅಳಿಸಿತು. ಮಂಗಳೂರಿನಲ್ಲಿ ಇದರ ಮುಖ್ಯ ಗುರುತು ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ. ದೇವಾಲಯ ಪ್ರವೇಶವಿಲ್ಲದಿದ್ದ ಬಿಲ್ಲವ ಸಮುದಾಯಕ್ಕಾಗಿ ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. 2013ರಲ್ಲಿ ಇದೇ ದೇವಸ್ಥಾನ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿತು. ರುದ್ರ, ಚಮಕಗಳನ್ನು ಕಲಿತು ಸಾಮೂಹಿಕವಾಗಿ ಪಠಿಸುವ ಮಹಿಳಾ ತಂಡಗಳು ಕರ್ನಾಟಕದ ನಗರಗಳಲ್ಲಿ ಈಗ ಸಾಮಾನ್ಯ.

ಇಂದಿನ ಸ್ಥಿತಿ ಮತ್ತು ಕಾನೂನು

ವೇದಪಠನ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಮಾನವಕುಲದ ಮೌಖಿಕ ಪರಂಪರೆಯ ಶ್ರೇಷ್ಠ ಕೃತಿಯೆಂದು ಘೋಷಿಸಿ, 2008ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗುರುಮುಖದಿಂದ ಕಲಿಯುವವರು ಕಡಿಮೆಯಾದರೂ ಮಂತ್ರದ ಬಳಕೆ ಕುಗ್ಗಿಲ್ಲ. ಕ್ಯಾಸೆಟ್ಟಿನ ಕಾಲದಿಂದ ಯೂಟ್ಯೂಬಿನವರೆಗೆ 108 ಸಲದ ಧ್ವನಿಮುದ್ರಣಗಳು ಮನೆಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ ಮೊಬೈಲಿನಿಂದ ಕೇಳಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ರಾಗಕ್ಕೆ ಅಳವಡಿಸಿದವು, ವೇದಸ್ವರ ಅಲ್ಲಿಲ್ಲ. ಊರಿಗೆ ಬರಲಾಗದವರು ಆನ್‌ಲೈನಿನಲ್ಲಿ ಸೇವೆಗೆ ಹಣ ಕಟ್ಟಿ ಅಂಚೆಯಲ್ಲಿ ಪ್ರಸಾದ ತರಿಸಿಕೊಳ್ಳುವುದು ಕೊಲ್ಲಿ ರಾಷ್ಟ್ರಗಳಲ್ಲಿರುವ ಕರಾವಳಿಯ ಕುಟುಂಬಗಳಲ್ಲಿ ಬಳಕೆಗೆ ಬಂದಿದೆ.

ಜಪ, ಹೋಮ, ಪೂಜೆಗಳಿಗೆ ಕಾನೂನಿನ ಅಡ್ಡಿಯಿಲ್ಲ. 2020ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನೆ ಅಧಿನಿಯಮ, 2017 ಸಾಂಪ್ರದಾಯಿಕ ಪೂಜಾವಿಧಿಗಳನ್ನು ಹೊರತುಪಡಿಸಿದೆ. ನಾಯಿ, ಹಾವು, ಚೇಳು ಕಚ್ಚಿದಾಗ ವೈದ್ಯಕೀಯ ಚಿಕಿತ್ಸೆ ಪಡೆಯದಂತೆ ತಡೆದು ಮಂತ್ರ ತಂತ್ರ ಮಾಡುವುದು ಅದರಡಿ ಅಪರಾಧ. ಮಂತ್ರದಿಂದ ರೋಗ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕೇಂದ್ರ ಅಧಿನಿಯಮ ನಿಷೇಧಿಸುತ್ತದೆ. ‘ಮಾಂತ್ರಿಕ ಪರಿಹಾರ’ದ ವ್ಯಾಖ್ಯೆಯಲ್ಲಿ ತಾಯಿತ, ಕವಚಗಳೊಂದಿಗೆ ಮಂತ್ರದ ಹೆಸರೂ ಇದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆ ವಿಧಿಸಬಹುದು.